ರೈಟರ್ ಮನೆಯ ಮಾಡಿಗೆ ಬಿದ್ದ ತಂಪು

ಎಲ್ಲ ಅನಾಹುತಕ್ಕೂ ಮೂಲ, ಜೀಪು ಒರೆಸುವ ಒಂದು ಬಟ್ಟೆಚೂರು.

ಕುಂದೂರು ಕಡೆಯ ಆ ಎಸ್ಟೇಟಿನ ಬಂಗಲೆಗೆ ಕೂಲರ್ ಬಂದು ಬಹಳ ದಿನವಾಗಿರಲಿಲ್ಲ. ಕೋಳಿಗೂಡಿಗೆ ಕಾಲು ಬಂದು ತಾರಸಿ ಹತ್ತಿ ನಿಂತ ಹಾಗಿತ್ತು ಅದು. ಸುತ್ತ ಹುಲ್ಲಿನ ಪ್ಯಾಡು, ಅದರ ಮೇಲೆ ಸದಾ ಇಳಿಯುವ ನೀರು, ಒಳಗೊಂದು ದೊಡ್ಡ ಫ್ಯಾನು. ಒದ್ದೆ ಹುಲ್ಲಿನಲ್ಲಿ ನುಸುಳಿ ತಣ್ಣಗಾದ ಗಾಳಿ ತಾರಸಿ ಕೊರೆದು ಇಳಿಸಿದ ತಗಡಿನ ಕೊಳವೆಯಲ್ಲಿ ಹಾಯ್ದು ಕೆಳಗೆ ನೆಂಟರು ಕೂರುವ ಹಾಲಿಗೆ ಬೀಳುತ್ತಿತ್ತು.

ಕಾಫಿ ಸೀಮೆಗೆ ಕೂಲರ್ ಯಾಕೆ ಬೇಕಾಯಿತು ಅಂದರೆ, ಸಾವ್ಕಾರ್ ರಾಜೇಶ್ ಅವರು ತೋಟದ ಅತ್ತಿ, ಹಲಸು, ನಂದಿ ಮರಗಳನ್ನೆಲ್ಲ ಲಾರಿ ಹತ್ತಿಸಿದ್ದರು. ಮರ ಹೋದ ಮನೆಗೆ ಬಿಸಿಲು ನೆಂಟರ ಹಾಗೆ ಬಂತು, ನೆಂಟರ ಹಾಗೆಯೇ ಹೊರಡಲೊಲ್ಲೆ ಅಂದಿತು. ಅಜ್ಜಂದಿರು ನೆಟ್ಟ ನೆರಳನ್ನು ಯಾವ ದಾರಿಯಲ್ಲಿ ಕಳಿಸಿದ್ದರೋ ಅದೇ ದಾರಿಯಲ್ಲಿ ಸಾವ್ಕಾರ್ರು ಡಬ್ಬಿ ತುಂಬ ತಂಪನ್ನು ತರಿಸಿಕೊಂಡರು. ಇದನ್ನು ಅಭಿವೃದ್ಧಿ ಎನ್ನುತ್ತಾರೆ.

ಕೂಲರಿನ ತೊಟ್ಟಿಯಲ್ಲಿ ಒಂದು ಪ್ಲಾಸ್ಟಿಕ್ ಚೆಂಡು ತೇಲುತ್ತಿತ್ತು. ನೀರು ತುಂಬಿ ಚೆಂಡು ಮೇಲೇರಿದರೆ ನಲ್ಲಿ ತಾನಾಗಿ ಮುಚ್ಚಿಕೊಳ್ಳಬೇಕು. ಚೆಂಡು ಸೋಮಾರಿ, ಅರ್ಧಕ್ಕೇ ನಿಲ್ಲುತ್ತಿತ್ತು. ಹೆಚ್ಚಾದ ನೀರು ಹೊರಗೆ ಹೋಗಲು ಒಂದು ಸಣ್ಣ ಪೈಪಿತ್ತು. ಆ ಪೈಪು ಕೆಳಗೆ ನಿಂತ ಜೀಪಿನ ನೆತ್ತಿಗೆ ತೊಟ್ಟಿಕ್ಕುತ್ತದೆಂದು ಡ್ರೈವರ್ ನಂಜುಂಡ ಅದರ ಬಾಯಿಗೆ ಬಟ್ಟೆ ತುರುಕಿಬಿಟ್ಟ. ಜೀಪು ಒಣಗಿತು. ತೊಟ್ಟಿ ಉಕ್ಕಿತು. ನೀರು ತಾರಸಿಯ ಮೇಲೆ ಹರಡಿ, ಕೊಳವೆಯ ಸಂದಿನಲ್ಲಿ ಇಳಿದು, ಬೆಳಿಗ್ಗೆ ಹಾಲಿನ ಸೂರಿನಲ್ಲಿ ಅಕ್ಕಿರೊಟ್ಟಿಯಗಲದ ಕಲೆಯಾಗಿ ಕಾಣಿಸಿಕೊಂಡಿತು.

"ರೈಟ್ರೆ, ಇಲ್ಬನ್ನಿ. ಏನ್ರೀ ಇದು?" ಸಾವ್ಕಾರ್ರು ಕತ್ತೆತ್ತಿ ಕೇಳಿದರು.

ಎಸ್ಟೇಟಿನ ಹಾಜರಿ, ಲೆಕ್ಕ ಬರೆಯುವ ರೈಟರ್ ಪರಮಶಿವಯ್ಯ ಕತ್ತೆತ್ತಿ ನೋಡಿದ. ಅವನಿಗೆ ಅದು ದೊಡ್ಡ ಕಲೆ ಅನ್ನಿಸಲಿಲ್ಲ. ತೋಟದ ಆಳುಗಳ ಲೈನ್ ಮನೆಗಳ ಸಾಲಿನ ಕೊನೆಗಿದ್ದ ಅವನ ಮನೆಯ ಮಾಡಿನಲ್ಲಿ ಹೆಂಚಿಗಿಂತ ಆಕಾಶವೇ ಹೆಚ್ಚಿತ್ತು. ಮಳೆಗಾಲದಲ್ಲಿ ಅವನೂ ಹೆಂಡತಿ ಚೆಲುವಮ್ಮನೂ ಒಣಗಿದ ಮೂಲೆ ಹುಡುಕುತ್ತಾ ಚಾಪೆ ಸಮೇತ ಮನೆಯೊಳಗೇ ವಲಸೆ ಹೋಗುತ್ತಿದ್ದರು. ಲೈನಿನಲ್ಲಿ ಮಳೆ ಒಳಗೆ ಬಂದರೆ ಅದು ಸುದ್ದಿಯಲ್ಲ. ಬಂಗಲೆಯಲ್ಲಿ ಸೂರು ಬೆವೆತರೆ ಅದು ಅನಾಹುತ.

"ಮಧ್ಯಾಹ್ನ ವನಗೂರಿಂದ ಗಂಡಿನೋರು ನಮ್ಮ ಮಗ್ಳು ಹೇಮಶ್ರೀನ ನೋಡಾಕೆ ಬರ್ತಾವ್ರೆ. ಹಾಲು ತಣ್ಗಿರ್ಬೇಕು, ಒಂದು ತೊಟ್ಟು ನೀರೂ ಬೀಳ್ಬಾರ್ದು," ಅಂದರು ಸಾವ್ಕಾರ್ರು.

ಪರಮಶಿವಯ್ಯ ಧೈರ್ಯ ಮಾಡಿದ. "ಆಗ್ಲಿ ಸಾವ್ಕಾರ್ರೆ. ಹಂಗೇ ನಮ್ಮನೆ ಮಾಡಿಗೂ ಏನಾದ್ರೂ…"

"ಇವತ್ತು ಮಾನ ಉಳ್ಸಿ. ನಿಮ್ಮ ಮಾಡಿಗೆ ನಾನೇ ನಿಂತು ಹಾಕುಸ್ತೀನಿ."

ಪರಮಶಿವಯ್ಯ ತಾರಸಿ ಹತ್ತುವಾಗ ಕಾಲು ನೆಲಕ್ಕೆ ತಾಗಲಿಲ್ಲ. ಮೇಲೆ, ಕೂಲರ್ ತಂದುಕೊಟ್ಟಿದ್ದ ಸಕಲೇಶಪುರದ ಗಯಾಜ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಪಕ್ಕದಲ್ಲಿ ನಂಜುಂಡ.

"ಶೀಟ್ ಹಾಕುಸ್ತಾರಂತೆ ಕಣಪ್ಪಾ, ನಮ್ಮನೆ ಮಾಡಿಗೆ," ಅಂದ ಪರಮಶಿವಯ್ಯ.

"ಮೊದ್ಲು ಈ ಬಟ್ಟೆ ಈಚೆಗೆ ಹಾಕಿ ರೈಟ್ರೆ. ಯಾವ ಪುಣ್ಯಾತ್ಮ ತುರುಕಿದ್ದು ಇದ್ನ?" ಅಂದ ಗಯಾಜ್.

"ಪುಣ್ಯಾತ್ಮ ಇಲ್ಲೇ ಅವ್ನೆ. ಜೀಪಿನ ಬಣ್ಣ ಹೋದ್ರೆ ನೀನ್ ಕೊಡ್ತೀಯಾ?" ಅಂದ ನಂಜುಂಡ.

ಪರಮಶಿವಯ್ಯ ಬಟ್ಟೆ ಎಳೆದ. ಅರ್ಧ ಕೈಗೆ ಬಂತು, ಅರ್ಧ ಪೈಪಿನಲ್ಲೇ ಕೂತಿತು. ನಂಜುಂಡ ಕಂಬಿ ಹಾಕಿ ತಿವಿದ. ಉಳಿದರ್ಧ ಮೊಲ ಬಿಲ ಸೇರಿದ ಹಾಗೆ ಒಳಗೆ ಹೋಗಿಬಿಟ್ಟಿತು. ನೀರು ಬರುವ ವಾಲ್ವನ್ನೇ ಬಂದ್ ಮಾಡೋಣವೆಂದು ತಿರುಗಿಸಿದರೆ ಹಿಡಿ ಮುರಿದು ಪರಮಶಿವಯ್ಯನ ಅಂಗೈಗೆ ಬಂತು.

"ಆಫ್ ಮಾಡ್‌ಬುಡಾನ," ಅಂದ ನಂಜುಂಡ.

"ಹಾಲು ತಣ್ಗಿರ್ಬೇಕಂತೆ ಮಾರಾಯ," ಅಂದ ಪರಮಶಿವಯ್ಯ. ದನಿ ಅಳುವಿನ ಅಂಚಿಗೆ ಬಂದಿತ್ತು.

ಗಯಾಜ್ ಒಂದು ಕಡೆಯ ಪ್ಯಾಡು ಕಳಚಿ, ಒಳಗೆ ಕೈಹಾಕಿ, ಚೆಂಡನ್ನು ಮೇಲೆತ್ತಿದ. ನೀರು ಟಕ್ಕನೆ ನಿಂತಿತು. ಕೈಬಿಟ್ಟ, ನೀರು ಮತ್ತೆ ಸುರಿಯಿತು.

"ನೋಡಿ, ಇಷ್ಟೇಯ. ತೊಟ್ಟಿ ತುಂಬ್ದಾಗ ಎತ್ತಿ ಹಿಡೀರಿ, ಬತ್ತಿದಾಗ ಒಸಿ ಬಿಡಿ. ನಾನು ಆಲೂರಿಗೆ ಹೋಗಿ ಹೊಸ ಚೆಂಡು ತಂದ್‌ಬುಡ್ತೀನಿ."

"ಅಲ್ಲೀತಂಕ ಹಿಡ್ಕೊಂಡೇ ಕೂರ್ಬೇಕಾ?"

"ಶೀಟ್ ಬೇಕೋ ಬೇಡ್ವೋ?"

ಹೀಗೆ ಎಸ್ಟೇಟಿನ ರೈಟರ್ ಕೂಲರಿನ ಬಿಡಿಭಾಗವಾದ.

ನೆಂಟರ ಕಾರು ಬಂತು. ಕೊಳವೆಯಲ್ಲಿ ಗಾಳಿ ಕೆಳಗಿಳಿದರೆ, ಅದೇ ಕೊಳವೆಯಲ್ಲಿ ಕೆಳಗಿನ ಮಾತು ಮೇಲೇರುತ್ತಿತ್ತು. ಲೋಟದ ಸದ್ದು, ಸೀರೆಯ ಸರಪರ, ಯಾರದೋ ಮುದಿ ಕೆಮ್ಮು. ಫ್ಯಾನಿನ ಗುಂಯ್‌ಗುಡುವಿಕೆಯಲ್ಲಿ ಎಲ್ಲವೂ ಕೆರೆಯ ತಳದಿಂದ ಬಂದ ಹಾಗೆ ಕೇಳುತ್ತಿತ್ತು. ಬೆನ್ನಿಗೆ ಬಿಸಿಲು, ಮುಖಕ್ಕೆ ತಂಪು. ಒದ್ದೆ ಹುಲ್ಲಿನ ವಾಸನೆ ಎಷ್ಟೋ ಕಾಲದ ಹಿಂದಿನ ತೋಟದಿಂದ ಬಂದಂತಿತ್ತು. ಪರಮಶಿವಯ್ಯನ ರೆಪ್ಪೆ ತೂಕವಾಯಿತು.

ಕಡಿದ ಮರಗಳು ಒಂದೊಂದಾಗಿ ವಾಪಸು ಬರುತ್ತಿದ್ದವು. ತಮ್ಮ ತಮ್ಮ ನೆರಳನ್ನು ಕಂಬಳಿಯ ಹಾಗೆ ಮಡಚಿ ಹೆಗಲ ಮೇಲೆ ಹಾಕಿಕೊಂಡು, ಗೇಟಿನ ಹತ್ತಿರ ನಿಂತು, "ರೈಟ್ರೆ, ಹಾಜರಿ ಹಾಕ್ಕಳಿ," ಎನ್ನುತ್ತಿದ್ದವು. ಅತ್ತಿಮರವೊಂದು ಅವನ ಮನೆಯ ಕಡೆ ಕೈತೋರಿಸಿತು. ಅಲ್ಲಿ ಮಾಡಿನ ತುಂಬ ನೀಲಿ ಶೀಟು. ಮಳೆ ಅದರ ಮೇಲೆ ತಮಟೆ ಬಡಿದಂತೆ ಬಡಿಯುತ್ತಿದೆ, ಒಂದು ಹನಿಯೂ ಒಳಗಿಲ್ಲ. ಮನೆಯ ನಟ್ಟನಡುವೆ ಕೈಕಾಲು ಚಾಚಿ ಚೆಲುವಮ್ಮ ಮಲಗಿದ್ದಾಳೆ. ಮದುವೆಯಾದಾಗಿನಿಂದ ಮಳೆಯಲ್ಲಿ ಅವಳು ನಡುಮನೆಯಲ್ಲಿ ಮಲಗಿದ್ದನ್ನು ಅವನು ನೋಡಿರಲಿಲ್ಲ. ಆ ಶೀಟನ್ನು ಒಮ್ಮೆ ಸವರಿ ನೋಡಬೇಕೆನಿಸಿತು. ಕೈ ಚಾಚಿದ.

ಚಾಚಿದ ಕೈಯಿಂದ ಚೆಂಡು ಜಾರಿತು.

ನೀರು ಉಕ್ಕಿ, ತಾರಸಿ ದಾಟಿ, ಸಂದು ಹುಡುಕಿ ಇಳಿದದ್ದು ಅವನಿಗೆ ತಿಳಿಯಲೇ ಇಲ್ಲ. ತೊಡೆ ಒದ್ದೆಯಾಗಿ ಬೆಚ್ಚಿ ಎದ್ದ. ಕೆಳಗಿನಿಂದ ಮುದಿ ದನಿ: "ನನ್ ತಲೆ ಮೇಲೆ ಏನೋ ಬಿತ್ತಲ್ಲ."

ಪರಮಶಿವಯ್ಯ ಚೆಂಡು ಹಿಡಿದು ಕಣ್ಣು ಮುಚ್ಚಿದ. ನೀಲಿ ಶೀಟು ಕಣ್ಣೊಳಗೇ ಹಾರಿಹೋಯಿತು. ಕೆಳಗೆ ಏನೇನೋ ಗೊಣಗಾಟ. ಫ್ಯಾನು ಅರ್ಧ ಮಾತು ನುಂಗುತ್ತಿತ್ತು. ಕೊನೆಗೆ ಸಾವ್ಕಾರ್ರ ದನಿ ಸ್ಪಷ್ಟವಾಗಿ ಏರಿಬಂತು: "…ನಮ್ ರೈಟ್ರು ಮನೆ ಮಾಡಿಗೆ. ಇವತ್ತೇ ಹಾಕುಸ್ತೀವಿ. ಬೇಕಾದ್ರೆ ನೀವೇ ನಿಂತು ನೋಡಿ."

ಪರಮಶಿವಯ್ಯನಿಗೆ ಕಿವಿಯನ್ನು ನಂಬಲಾಗಲಿಲ್ಲ. ಮಾನ ಕಳೆದರೂ ಮಾತು ಉಳಿಸಿಕೊಳ್ಳುವ ಧಣಿ ಎಲ್ಲಿ ಸಿಗುತ್ತಾರೆ? ಇಷ್ಟು ಕಾಲ ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳಿದ. ಅಷ್ಟರಲ್ಲಿ ನಂಜುಂಡ ಬಂದು ಸ್ವಿಚ್ ಆರಿಸಿ, "ಮನೇಗೋಗ್ಬೇಕಂತೆ ರೈಟ್ರೆ, ಅಂಗ್ಳ ಗುಡ್ಸಿಡ್ಬೇಕಂತೆ," ಅಂದ. ಪರಮಶಿವಯ್ಯ ಒದ್ದೆ ಪಂಚೆಯಲ್ಲೇ ಓಡಿದ.

"ಚೆಲುವಿ, ಮಾಡಿಗೆ ಹಾಕುಸ್ತಾವ್ರೆ. ಇವತ್ತೇ."

"ನಿಮ್ಗೆ ಬಿಸ್ಲು ಬಡುದೈತೆ," ಅಂದಳು ಚೆಲುವಮ್ಮ. ಆದರೂ ಅಂಗಳ ಗುಡಿಸಿ, ನಡುಮನೆಯಲ್ಲಿ ಚಾಪೆ ಬಿಡಿಸಿ ಅಳತೆ ನೋಡಿದಳು.

ಸಂಜೆ ಬಿಸಿಲಿಳಿಯುವಾಗ ಗಯಾಜನ ಪಿಕಪ್ ಬಂತು. ಹಿಂದೆ ಟಾರ್ಪಾಲು ಮುಚ್ಚಿದ ದೊಡ್ಡ ಹೊರೆ, ಅದರ ಹಿಂದೆ ಸಾವ್ಕಾರ್ರ ಜೀಪು, ಜೀಪಿನಲ್ಲಿ ನೆಂಟರು. ಲೈನಿನವರೆಲ್ಲ ಬಾಗಿಲಿಗೆ ಬಂದರು. ಆಳುಗಳು ಟಾರ್ಪಾಲು ಎಳೆದರು.

ಒಳಗಿದ್ದದ್ದು ಬಂಗಲೆಯ ಅದೇ ಕೂಲರ್.

"ಶೀಟ್ ಎಲ್ಲಿ?" ಪರಮಶಿವಯ್ಯ ಗಯಾಜನ ಕಿವಿಯಲ್ಲಿ ಕೇಳಿದ.

"ಯಾವ್ ಶೀಟು?" ಗಯಾಜ್ ದನಿ ತಗ್ಗಿಸಿದ. "ನೀರು ಬಿದ್ದಿದ್ದು ಹುಡ್ಗನ ಅಜ್ಜನ ತಲೆ ಮೇಲೆ. ಅವ್ರು ಮೇಲೆ ನೋಡಿ, ತೋಟದೋರ ಮನೇಲಿ ಕೂಲರ್ ಯಾಕೆ, ನಮ್ ವನಗೂರಲ್ಲಿ ಈಗ್ಲೂ ರಗ್ಗು ಹೊದ್ಕತೀವಿ, ಮರ ಮಾರ್ಕೊಳೋ ತಾಪತ್ರಯ ಏನ್ ಬಂತು ಅಂದ್ರಂತೆ. ಸಾವ್ಕಾರ್ರು ಥಟ್ಟಂತ, ಇದು ನಮ್ಗಲ್ಲ, ನಮ್ ರೈಟ್ರಿಗೆ ಅಂತ ತರ್ಸಿದ್ದು, ಇಲ್ಲಿಟ್ಟು ಪರೀಕ್ಷೆ ಮಾಡ್ತಿದ್ವಿ ಅಂದ್‌ಬುಟ್ರಂತೆ. ಸಂಬಂಧ ಕುದುರ್ತು ನೋಡಿ."

ಅಜ್ಜ ಕೋಲೂರಿ ಇಳಿದು ಬಂದು ಪರಮಶಿವಯ್ಯನ ಬೆನ್ನು ತಟ್ಟಿದರು. "ಪುಣ್ಯವಂತ ಕಣಯ್ಯ ನೀನು. ಕೆಲಸದೋರ್‌ನ ಹಿಂಗೆ ನೋಡ್ಕೊಳೋ ಮನೆತನ ಈಗೆಲ್ಲೈತೆ?"

ಪರಮಶಿವಯ್ಯ ಕೈಮುಗಿದ. ಮುಗಿಯದೆ ಏನು ಮಾಡುತ್ತಾನೆ?

ಆಳುಗಳು ಇದ್ದಬದ್ದ ಹೆಂಚು ಸರಿಸಿ, ಮರದ ಅಟ್ಟಣೆ ಬಿಗಿದು, ಕೂಲರನ್ನು ಮಾಡಿನ ಮೇಲೆ ಕೂರಿಸಿದರು. ತೋಟದ ಪೈಪು ಎಳೆದು ನೀರು ಕೊಟ್ಟರು. ಹೊಸ ಚೆಂಡು ಆಲೂರಿನಲ್ಲಿ ಸಿಕ್ಕಿರಲಿಲ್ಲ. ಫ್ಯಾನು ತಿರುಗಿತು. ನೆಂಟರು ಚಪ್ಪಾಳೆ ತಟ್ಟಿ ಜೀಪು ಹತ್ತಿದರು.

ಸಾವ್ಕಾರ್ರು ಹೊರಡುವ ಮುಂಚೆ ಪರಮಶಿವಯ್ಯನನ್ನು ಪಕ್ಕಕ್ಕೆ ಕರೆದರು. "ಲಗ್ನ ದೀಪಾವಳಿ ಕಳುದ್ಮೇಲೆ ಇಟ್ಕೊಂಡೀವಿ. ಅಲ್ಲೀವರ್ಗೂ ಬೀಗರು ಬಂದ್ ಹೋಗ್ತಿರ್ತಾರೆ. ಮಾಡು ಮುಟ್ಬೇಡಿ, ಕೂಲರ್ ಇಳುಸ್ಬೇಡಿ."

ದೀಪಾವಳಿಗೆ ಮುಂಚೆ ಇಡೀ ಮಳೆಗಾಲವಿತ್ತು.

ಪರಮಶಿವಯ್ಯ ಒಳಗೆ ಬಂದ. ನಡುಮನೆಯ ಚಾಪೆಯ ಮೇಲೆ ಹನಿ ಬೀಳತೊಡಗಿತ್ತು. ತಣ್ಣಗೆ, ಲಯವಾಗಿ, ಜೋಗುಳದ ಹಾಗೆ. ಚೆಲುವಮ್ಮ ಚಾಪೆ ಸುತ್ತಿ ಗೋಡೆಗೆ ಒರಗಿಸಿದಳು. ಆಮೇಲೆ ಏಣಿ ಹತ್ತಿ, ಮಳೆಗಾಲ ಕಳೆದ ಮೇಲೆ ಅಟ್ಟಕ್ಕೇರಿಸಿದ್ದ ಬೋಸಿ, ಬಕೀಟು, ದಬರಿಗಳನ್ನು ಒಂದೊಂದೇ ಇಳಿಸಿ ಹನಿಗೊಂದರಂತೆ ಜೋಡಿಸಿದಳು.

"ಒಂದು ಉಪಕಾರ ಆಯ್ತು ಬಿಡಿ," ಅಂದಳು. "ಇನ್ಮೇಲೆ ಈ ಪಾತ್ರೆಗಳ್ನ ಬೇಸ್ಗೇಲಿ ಅಟ್ಟಕ್ಕೆ ಏರ್ಸೋ ಕೆಲ್ಸ ಇಲ್ಲ."