ಕಾಶಿಗೆ ಹೋಗದೆಯೇ ಬಿಟ್ಟ ಅಕ್ಷರ

ಇದನ್ನು ಬರೆಯಬೇಕೆಂದು ಕೂತು ಎದ್ದು, ಕೂತು ಎದ್ದು ಮೂರು ವರ್ಷವಾಯಿತು. ಒಂದು ಸಲ ಬೆನ್ನುನೋವು ಅಂದೆ, ಒಂದು ಸಲ ಕನ್ನಡಕ ಸರಿಯಿಲ್ಲ ಅಂದೆ, ಆಮೇಲೆ ಊರಿಗೆ ಹೋಗಿ ಬಂದು ಬರೆಯೋಣ ಅಂದೆ. ಊರಿಗೂ ಹೋಗಿ ಬಂದೆ, ಕನ್ನಡಕವೂ ಹೊಸದಾಯಿತು. ಬೆನ್ನೊಂದು ಹಾಗೇ ಇದೆ, ಅದರ ಪಾಡಿಗೆ ಅದು ಇರಲಿ.

ನಿಮಗೆ ಗೊತ್ತಿರುವ ವಿಚಿತ್ರ ಮನುಷ್ಯರನ್ನೆಲ್ಲ ಸಾಲಾಗಿ ನಿಲ್ಲಿಸಿ. ಮನೆಯೊಳಗೂ ಛತ್ರಿ ಹಿಡಿದು ಓಡಾಡುವವರು, ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟು ಹೋಗುವವರು, ಯಾರನ್ನು ಬೇಕಾದರೂ ತನ್ನಿ. ನನ್ನ ಗೆಳೆಯನ ಮುಂದೆ ಅವರೆಲ್ಲ ಬರೀ ಸಾಮಾನ್ಯರು! ಅವನು ಕನ್ನಡದ ಒಂದು ಅಕ್ಷರವನ್ನು ಪೂರ್ತಿ ಕೈಬಿಟ್ಟು ಐವತ್ತು ವರ್ಷ ಬಾಳಿದವನು. ಯಾವುದೋ ಮೂಲೆಯಲ್ಲಿ ಕೂತ ಙ, ಞ ಆಗಿದ್ದರೆ ಹೋಗಲಿ ಅನ್ನಬಹುದಿತ್ತು, ಅವನ್ನು ನಾವೆಲ್ಲರೂ ಬಿಟ್ಟವರೇ. ಅವನು ಬಿಟ್ಟಿದ್ದು ‘ಹ’!

ಸ್ವಲ್ಪ ಯೋಚಿಸಿ ನೋಡಿ. ‘ಹ’ ಇಲ್ಲದಿದ್ದರೆ ಹಾಲಿಲ್ಲ, ಹಣ್ಣಿಲ್ಲ, ಹಸಿವಿಲ್ಲ, ಹೆಂಡತಿಯಿಲ್ಲ, ಹಣವಂತೂ ಇಲ್ಲವೇ ಇಲ್ಲ. ಹೌದು ಅನ್ನುವಂತಿಲ್ಲ, ಹೋಗು ಅನ್ನುವಂತಿಲ್ಲ. ಹಲೋ ಅನ್ನದೆ ಫೋನು ಎತ್ತುವುದಾದರೂ ಹೇಗೆ? ಸಾಲದ್ದಕ್ಕೆ ಅವನ ಹೆಸರೇ ಆ ಅಕ್ಷರದಿಂದ ಶುರುವಾಗುತ್ತದೆ. ಯಾರಾದರೂ “ತಮ್ಮ ಹೆಸರು?” ಎಂದರೆ, ಮಗನ ಹೆಸರು ಹೇಳಿ “ಅವರಪ್ಪ” ಅನ್ನುತ್ತಿದ್ದ!

ಅವನು ಯಾಕೆ ಹೀಗಾದ ಎಂಬುದು ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಅವರಲ್ಲೂ ಪೂರ್ತಿ ಗೊತ್ತಿರುವುದು ಒಬ್ಬನಿಗೆ. ಆ ಒಬ್ಬ ಅವನಲ್ಲ, ನಾನು.

ನನ್ನ ಓದು ಎಸ್ಸೆಸ್ಸೆಲ್ಸಿಗೇ ಮುಗಿಯಿತು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದೆ. ಮಗಳು ನರ್ಸಿಂಗ್ ಓದಲು ಸಿಡ್ನಿಗೆ ಬಂದವಳು, ಇಲ್ಲೇ ಕಾಯಂ ನೆಲೆಸಲು ಪಿಆರ್ ಸಿಕ್ಕಿ, ಮದುವೆಯಾಗಿ, ರೌಸ್ ಹಿಲ್‌ನಲ್ಲಿ ಮನೆ ಮಾಡಿ ನನ್ನನ್ನೂ ನನ್ನ ಹೆಂಡತಿಯನ್ನೂ ಕರೆಸಿಕೊಂಡಳು. ಬಂದ ಹೊಸತರಲ್ಲಿ ಒಂದು ಭಾನುವಾರ ಫೋನು ಬಂತು.

“ಏನ್ಲಾ ಕಂಡಕ್ಟ್ರು, ರೌಸ್ ಗುಡ್ಡದಲ್ಲಿ ಇಳ್ಕೊಂಡಿದ್ದೀಯಂತೆ?”

“ರೌಸ್ ಹಿಲ್. ಯಾರ್ರೀ ಮಾತಾಡ್ತಿರೋದು?”

“ಅದೇ ಕಣ್ಲಾ, ರೌಸ್ ಗುಡ್ಡ! ನಾನು, ಮೆಲ್ಬೋರ್ನಿಂದ. ಸ್ಕೂಲಲ್ಲಿ ಎರಡನೇ ಬೆಂಚು, ನಿನ್ನ ಎಡಗಡೆ.”

ನನ್ನ ಕೈಯಲ್ಲಿದ್ದ ಫೋನು ಸ್ವಲ್ಪ ಭಾರವಾಯಿತು. ಇಷ್ಟು ವರ್ಷವಾದರೂ ಇವನು ಆ ಅಕ್ಷರವನ್ನು ಮತ್ತೆ ಹತ್ತಿರ ಸೇರಿಸಿಲ್ಲವೇ!

ಅವನ ಮಗ ಮೆಲ್ಬೋರ್ನಿನಲ್ಲಿ ಟ್ರಾಮ್ ಓಡಿಸುತ್ತಾನೆ. “ಇಲ್ಲಿ ಟ್ರಾಮಲ್ಲಿ ಕಂಡಕ್ಟ್ರೇ ಇಲ್ಲ ಕಣ್ಲಾ, ನಿನ್ನ ಕೆಲಸಾನ ಮೆಷಿನ್ನಿಗೆ ಕೊಟ್ಟವ್ರೆ. ಅದು ನಿನಗಿಂತ ವಾಸಿ, ಚಿಲ್ಲರೆ ಕೊಡುತ್ತೆ!” ಎಂದು ಅವನು ನಕ್ಕ. ನಾನೂ ನಕ್ಕೆ. ಐವತ್ತು ವರ್ಷದ ಅಂತರ ಒಂದು ಫೋನ್ ಕಾರ್ಡಿನಲ್ಲಿ ಕರಗಿಹೋಯಿತು.

ಮುಂದಿನ ತಿಂಗಳೇ ಗಂಡ ಹೆಂಡತಿ ಇಬ್ಬರೂ ಸಿಡ್ನಿಗೆ ಬಂದಿಳಿದರು. ನನ್ನ ಮಗಳಿಗೆ ಏನೂ ಗೊತ್ತಿಲ್ಲ, ಪಾಪ.

“ಅಂಕಲ್, ಕಾಫಿಗೆ ಹಾಲು ಜಾಸ್ತಿ ಹಾಕ್ಲಾ?”

“ಬಿಳೀದು ಸ್ವಲ್ಪ ಮುಂದಾಗಿರ್ಲಿ ಮಗಳೇ.”

“ಹಣ್ಣು ಕೊಡ್ಲಾ?”

“ಬಾಳೆ ಇದ್ರೆ ಕೊಡು.”

“ಹಸಿವಾಗಿದ್ರೆ ಊಟಾನೇ ಬಡಿಸ್ತೀನಿ.”

“ಉದರ ಬರಿದಾಗೇ ಇದೆ.”

ಮಗಳು ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ ಕೇಳಿದಳು: “ಅಪ್ಪಾ, ಅಂಕಲ್ ನಾಟಕದ ಕಂಪನೀಲಿ ಇದ್ರಾ?”

ಅವನ ಹೆಂಡತಿ ಮಾತ್ರ ಯಾವತ್ತೋ ಇದಕ್ಕೆಲ್ಲ ಒಗ್ಗಿಕೊಂಡವರು. “ಎಲ್ರೂ ಕಾಶಿಗೆ ಹೋಗಿ ಬದನೆಕಾಯಿ ಬಿಟ್ಟು ಬರ್ತಾರೆ, ಹೀರೆಕಾಯಿ ಬಿಟ್ಟು ಬರ್ತಾರೆ. ಇವರು ಕಾಶಿಗೂ ಹೋಗದೆ ಅಕ್ಷರ ಬಿಟ್ಟವ್ರೆ ನೋಡಿ ಅಣ್ಣಾ! ಯಾಕೆ ಅಂದ್ರೆ ಬಾಯಿ ಬಿಡಲ್ಲ. ಒಂದ್ಸಲ ಬಚ್ಚಲಿಗೆ ಹಾವು ಬಂದಿತ್ತು. ಇವರು ಒಳಗಿಂದ ‘ಸರ್ಪ, ಸರ್ಪ, ನಾಗಪ್ಪ, ನಾಗಪ್ಪ’ ಅಂತ ಕೂಗ್ತಾವ್ರೆ. ಸ್ನಾನ ಮಾಡ್ತಾ ಸ್ತೋತ್ರ ಹೇಳ್ತಾವ್ರೆ ಅಂತ ನಾನು ಹೊರಗಡೆ ಕೈ ಮುಗೀತಾ ನಿಂತಿದ್ದೆ!”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅವನೂ ಉದರ ಹಿಡಿದು ನಕ್ಕ.

ಮರುದಿನ ಮಗಳು ಗ್ಯಾಸ್ ಕಂಪನಿಗೆ ಫೋನಿನಲ್ಲಿ ವಿಳಾಸವನ್ನು ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಿದ್ದಳು. ಸ್ಪೀಕರ್ ಹಾಕಿದ್ದರಿಂದ ನಮಗೂ ಕೇಳುತ್ತಿತ್ತು. ಇವಳು “ಏಚ್” ಅಂದಳು. ಆ ಕಡೆಯ ಹೆಂಗಸು “ಹೇಚ್?” ಅಂದಳು. ಇವಳು ಮತ್ತೆ “ಏಚ್”, ಅವಳು ಮತ್ತೆ “ಹೇಚ್”. ಈ ದೇಶದಲ್ಲಿ ಆ ಒಂದು ಅಕ್ಷರವನ್ನು ಅರ್ಧ ಜನ ಹಾಗೆ ಹೇಳುತ್ತಾರೆ, ಅರ್ಧ ಜನ ಹೀಗೆ ಹೇಳುತ್ತಾರೆ, ಅವರು ಹೇಳಿದ್ದು ತಪ್ಪೆಂದು ಇವರು, ಇವರು ಹೇಳಿದ್ದು ತಪ್ಪೆಂದು ಅವರು ಎಂದು ಮಗಳು ವಿವರಿಸಿದಳು. ನನ್ನ ಗೆಳೆಯನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು!

“ನೋಡಿದ್ಯಾ? ಇಂಗ್ಲಿಷಿನೋರ ಮನೇಲೂ ಆ ಅಕ್ಷರದ ಜಗಳ ತೀರಿಲ್ಲ! ನಾವು ಬಡವರು, ನಮ್ಮದೇನು ಬಿಡು!”

ಸಂಜೆ ಬ್ಯಾಕ್‌ಯಾರ್ಡಿನ ಮೆಟ್ಟಿಲ ಮೇಲೆ ಕೂತರೆ ನಮ್ಮದು ಒಂದೇ ಮಾತು, ಹೈಸ್ಕೂಲು. ನಮ್ಮದು ಸಕ್ಕರೆ ಫ್ಯಾಕ್ಟರಿಯ ಊರು. ಊರೇ ಬೆಲ್ಲದ ಪಾಕದ ವಾಸನೆ ಹೊಡೆಯುತ್ತಿತ್ತು. ಶಾಲೆಯ ಮುಂದಿನ ರಸ್ತೆಯಲ್ಲೇ ಕಬ್ಬಿನ ಗಾಡಿಗಳ ಸಾಲು. ಫ್ಯಾಕ್ಟರಿ ಕೂಗಿದರೆ ನಮ್ಮ ಮಧ್ಯಾಹ್ನದ ಬೆಲ್ಲು. ಹೈಸ್ಕೂಲು ಎಂದು ಹೇಳಲೂ ಆಗದ ಅವನಿಗೆ ಹೈಸ್ಕೂಲಿನದೆಲ್ಲ ನನಗಿಂತ ಚೆನ್ನಾಗಿ ನೆನಪಿತ್ತು.

“ಡ್ರಿಲ್ ಮೇಷ್ಟ್ರು ಸೀಟಿ ಊದಿದ್ರೆ, ನಮಗಿಂತ ಮುಂಚೆ ಗಾಡಿ ಎತ್ತುಗಳು ಸಾಲಾಗಿ ನಿಂತ್ಕೋತಿದ್ವಲ್ಲೋ!”

“ಕಬ್ಬು ಕಿತ್ತಿದ್ದಕ್ಕೆ ನಿನಗೆ ಬಾರುಕೋಲಲ್ಲಿ ಬಿತ್ತಲ್ಲ.”

“ಕಿತ್ತಿದ್ದು ನೀನು. ಜಗೀತಾ ನಿಂತಿದ್ದು ನಾನು. ಅದಕ್ಕೇ ಏಟು ನನಗೆ ಬಿತ್ತು!”

ಅದೂ ನಿಜವೇ. ಆಮೇಲೆ ಅವನು ನನ್ನ ಮಗಳ ಕಡೆ ತಿರುಗಿ, “ನಿಮ್ಮಪ್ಪ ನನ್ನ ಗುರು ಕಣಮ್ಮ. ಮಾತು ಕಲಿಸಿದೋನು ಇವನೇ” ಅಂದ. ನಾನು ಕಾಫಿ ಲೋಟದ ತಳದಲ್ಲಿ ಏನೋ ಇರುವ ಹಾಗೆ ಅದನ್ನೇ ನೋಡತೊಡಗಿದೆ.

ಏನು ಕಲಿಸಿದ್ದೆ ಎಂದು ಈಗ ಹೇಳಬೇಕು.

ಅವನು ಹಳ್ಳಿಯಿಂದ ಕಾಲುವೆ ಏರಿಯ ಮೇಲೆ ನಡೆದು ಶಾಲೆಗೆ ಬರುತ್ತಿದ್ದವನು. ಅವರ ಕಡೆ ಹಾಲು ಅಂದರೆ ಆಲು, ಹಸು ಅಂದರೆ ಅಸು. ಅದರಲ್ಲೇನು ಕೊರತೆ? ಕರೆದರೆ ಆಲೂ ಬಿಳಿಯೇ! ಆದರೆ ನಾವು ಟೌನಿನ ಹುಡುಗರು ನಗುತ್ತಿದ್ದೆವು. ಅವನ ಕಂಠ ಮಾತ್ರ ಗಂಟೆಯ ಹಾಗಿತ್ತು. ಆ ವರ್ಷ ವಾರ್ಷಿಕೋತ್ಸವದ ಸ್ವಾಗತ ಭಾಷಣವನ್ನು ಕನ್ನಡ ಮೇಷ್ಟರು ಅವನಿಗೆ ಕೊಟ್ಟರು. ಅದಕ್ಕೆ ಮುಂಚೆ ಅದನ್ನು ಪ್ರತಿ ವರ್ಷ ಮಾಡುತ್ತಿದ್ದವನು ನಾನು.

ಅವನು ನನ್ನ ಹತ್ತಿರವೇ ಬಂದ. “ಎಲ್ಲೆಲ್ಲಿ ಉಸಿರು ಬಿಡಬೇಕು ನನಗೆ ಗೊತ್ತಾಗಲ್ಲ ಕಣೋ. ನೀನು ಏಳ್ಕೊಡು. ಮೇಷ್ಟ್ರ ಮರ್ಯಾದೆ ಉಳೀಬೇಕು.”

ಕಾಲುವೆ ಏರಿಯ ಮೇಲೆ ಕೂತು ಹೇಳಿಕೊಟ್ಟೆ. “‘ಆರಿಸಿಕೊಂಡು ಬಂದಿದ್ದೇವೆ’ ಅನ್ನೋದು ತಪ್ಪು ಕಣೋ. ನಿಮ್ಮ ಕಡೆ ‘ಹ’ ನುಂಗಿ ನುಂಗಿ ಹಾಗಾಗಿದೆ. ಗ್ರಂಥದಲ್ಲಿ ‘ಹಾರಿಸಿಕೊಂಡು’ ಅಂತಲೇ ಇರೋದು. ‘ಆಳುತ್ತಾ’ ಅಲ್ಲ, ‘ಹಾಳುತ್ತಾ’. ಎಲ್ಲಿ, ಹೇಳು.” ಅವನು ಹೇಳಿದ. ಮತ್ತೆ ಮತ್ತೆ ಹೇಳಿ ಬಾಯಿಪಾಠ ಮಾಡಿದ. ಮನೆಗೆ ಹೋಗುವ ದಾರಿಯುದ್ದಕ್ಕೂ ಹೇಳಿಕೊಂಡೇ ಹೋದ. ನಾನು ಏರಿಯ ಮೇಲೆ ಕೂತು ಕೇಳಿಸಿಕೊಂಡೆ.

ಅವತ್ತಿನ ಮುಖ್ಯ ಅತಿಥಿ ಅಮಲ್ದಾರರ ಹೆಂಡತಿ. ಅವನು ವೇದಿಕೆಯ ಮೇಲೆ ನಿಂತು, ಆ ಗಂಟೆಯ ಕಂಠದಲ್ಲಿ, ಒಂದೊಂದು ಅಕ್ಷರವೂ ಹಿಂದಿನ ಸಾಲಿಗೆ ಕೇಳುವ ಹಾಗೆ ಹೇಳಿದ: “ಅಮಲ್ದಾರರ ಶ್ರೀಮತಿಯವರನ್ನು ನಾವೆಲ್ಲರೂ ಸೇರಿ ಈ ದಿನ ಹಾರಿಸಿಕೊಂಡು ಬಂದಿದ್ದೇವೆ!”

ಅಮಲ್ದಾರರ ಮುಖ ಕೆಂಪಾಯಿತು. ಸಭೆ ಬಿದ್ದು ಬಿದ್ದು ನಕ್ಕಿತು. ಅದು ಸ್ವಾಗತಕ್ಕೆ ಸಿಕ್ಕ ಸಂತೋಷವೆಂದು ತಿಳಿದು ಅವನು ಮುಂದುವರಿಸಿದ: “ನಮ್ಮ ಹೆಡ್ಮಾಸ್ಟರು ಈ ಶಾಲೆಯನ್ನು ಬಹಳ ವರ್ಷಗಳಿಂದ ಹಾಳುತ್ತಾ ಬಂದಿದ್ದಾರೆ!”

ಹೆಡ್ಮಾಸ್ಟರು ಅಲ್ಲಿಯೇ, ಎಲ್ಲರ ಎದುರಿಗೇ, ಕಿವಿ ಹಿಡಿದು ಅವನನ್ನು ಕೆಳಗಿಳಿಸಿದರು. ಅವನ ಅಪ್ಪ ಒಗೆದ ಪಂಚೆ ಉಟ್ಟು ಹಿಂದೆ ನಿಂತಿದ್ದರು. ಎಲ್ಲರೂ ನಗುತ್ತಿದ್ದಾರಲ್ಲ, ಮಗ ಏನೋ ಒಳ್ಳೆಯ ತಮಾಷೆ ಹೇಳಿರಬೇಕೆಂದು ಅವರೂ ನಗುತ್ತಿದ್ದರು. ಮಗನ ಕಿವಿ ಹಿಡಿದದ್ದನ್ನು ಕಂಡಾಗ ಆ ನಗು ನಿಂತ ಬಗೆ ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ. ಮರುದಿನದಿಂದ ಅವನ ಬಾಯಿಂದ ‘ಹ’ ಇರುವ ಮಾತೇ ಹೊರಡಲಿಲ್ಲ, ‘ಆಲು’ ಕೂಡ.

ಅವರು ಸಿಡ್ನಿಗೆ ಬಂದು ಹೋದ ಮೇಲೆ ನಾವು ಮೆಲ್ಬೋರ್ನಿಗೆ ಹೋದದ್ದು ಅವನ ಮೊಮ್ಮಗಳ ಹುಟ್ಟುಹಬ್ಬಕ್ಕೆ. ಮಗುವಿನ ಹೆಸರು ಹಿತಾ. ಅವನ ಸೊಸೆಗೇನು ಗೊತ್ತು? ಚೆಂದದ ಹೆಸರೆಂದು ಇಟ್ಟಿದ್ದಾಳೆ. ಅವನು ಮಾತ್ರ ‘ಪುಟ್ಟಿ’, ‘ಕೂಸೇ’, ‘ಮೆಲ್ಬೋರ್ನ್ ಮಾರಾಣಿ’ ಎಂದು ತಪ್ಪಿಸಿಕೊಂಡು ಓಡಾಡುತ್ತಿದ್ದ. ಕೇಕು ಕತ್ತರಿಸುವಾಗ ಎಲ್ಲರೂ ಹ್ಯಾಪಿ ಬರ್ತ್‌ಡೇ ಅಂದರೆ ಇವನು ಚಪ್ಪಾಳೆ ಮಾತ್ರ ತಟ್ಟಿದ.

ಮಗು ಕೇಕಿನ ತಟ್ಟೆ ಹಿಡಿದು ನನ್ನ ಹತ್ತಿರ ಬಂತು. “ತಾತ ಕಾಲ್ಸ್ ಎವ್ರಿಬಡಿ ಬೈ ನೇಮ್. ನಾಟ್ ಮೀ. ಹಿ ಡಸಂಟ್ ಲೈಕ್ ಮೈ ನೇಮ್, ಡಸ್ ಹೀ?”

ನನಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಪಕ್ಕದಲ್ಲಿ ನಿಂತಿದ್ದ ಅವನಿಗೂ ಬರುತ್ತದೆ.

ಸಂಜೆ ನನ್ನನ್ನು ಪಾರ್ಕಿಗೆ ಕರೆದುಕೊಂಡು ಹೋದ. ಬೆಂಚಿನ ಮೇಲೆ ಕೂತೆವು.

“ಆ ಒಂದು ಅಕ್ಷರ ನನಗೆ ಮತ್ತೆ ಕಲಿಸು ಕಣ್ಲಾ,” ಅಂದ. “ಕೂಸಿಗಾಗಿ. ನಿನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ?”

ಮೆಲ್ಬೋರ್ನಿನ ಚಳಿ. ಅವನ ಅಂಗೈಯನ್ನು ಅವನ ಬಾಯಿಯ ಮುಂದೆ ಹಿಡಿಸಿದೆ. “ಚಳಿಗೆ ಕೈ ಕಾಯಿಸಿಕೊಳ್ಳೋಕೆ ಉಸಿರು ಬಿಡಲ್ವಾ, ಹಾಗೆ ಬಿಡು. ಕೈಗೆ ಬಿಸಿ ತಗುಲಿದರೆ ಅದೇ ‘ಹ’.”

“ಇತಾ.”

“ಬಿಸಿ ತಗುಲಿತಾ?”

“ಇಲ್ಲ.”

“ಮತ್ತೆ.”

ನಾಯಿ ಹಿಡಿದು ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತು ನೋಡಿ, ಪಾಪ ಚಳಿ ತಡೆಯಲಾರ ಎಂದುಕೊಂಡು ತನ್ನ ಕೈಗವಸು ಬಿಚ್ಚಿ ಕೊಡಲು ಬಂದಳು! ಅವಳನ್ನು ಒಪ್ಪಿಸಿ ಕಳಿಸುವಷ್ಟರಲ್ಲಿ ಸಾಕಾಯಿತು. ಅವಳ ನಾಯಿ ಮರೆಯಾಗುತ್ತಿದ್ದ ಹಾಗೆ, ಯಾವ ಸೂಚನೆಯೂ ಇಲ್ಲದೆ, ಪಕ್ಕದಿಂದ ಬಂತು: “ಹಿತಾ.”

ಅಂಗೈಯನ್ನು ನೋಡಿಕೊಂಡ. ಅಲ್ಲಿ ಏನೋ ಬಿದ್ದಿದೆಯೇನೋ ಅನ್ನುವ ಹಾಗೆ ಮುಷ್ಟಿ ಕಟ್ಟಿಕೊಂಡ.

ಆಗಲೇ ನಾನು ಹೇಳಬೇಕಾಗಿತ್ತು. ಬಾಯಿ ತೆರೆದೆ ಕೂಡ. ಆದರೆ ಅವನೇ ಮೊದಲು ಮಾತಾಡಿದ.

“ಅವತ್ತು ನೀನು ಸರಿಯಾಗೇ ಕಲಿಸಿದ್ದೆ ಕಣ್ಲಾ. ಮೇಲೆ ನಿಂತಾಗ ಭಯಕ್ಕೆ ನಾನೇ ಅದಲುಬದಲು ಮಾಡ್ಬಿಟ್ಟೆ. ಅಷ್ಟು ಕಷ್ಟಪಟ್ಟು ಕಲಿಸಿದ ನಿನಗೂ ಅವಮಾನ ಆಯ್ತು. ಮನಸ್ಸಲ್ಲಿ ಇಟ್ಕೋಬೇಡ.”

“ಇರಲಿ ಬಿಡೋ, ಆದದ್ದು ಆಯಿತು” ಅಂದೆ.

ಗಮನಿಸಿದಿರಾ? ಅವನು ನನ್ನ ಕ್ಷಮೆ ಕೇಳಿದ. ನಾನು ದೊಡ್ಡ ಮನಸ್ಸು ಮಾಡಿ ಅವನನ್ನು ಕ್ಷಮಿಸಿದೆ!

ಮನೆಗೆ ಬಂದು ಬಾಗಿಲಲ್ಲೇ ನಿಂತು “ಹಿತಾ” ಎಂದು ಕೂಗಿದ. ಮಗು ಓಡಿ ಬಂತು. “ವಾಟ್, ತಾತ?” “ಏನಿಲ್ಲ.” ಅದು ಹೋದ ಕೂಡಲೇ ಮತ್ತೆ “ಹಿತಾ!” ಮತ್ತೆ ಏನಿಲ್ಲ. ಕೊನೆಗೆ ಮಗುವೇ ಸೋಫಾದ ಹಿಂದೆ ಅಡಗಿ ಕೂತು “ತಾತಾ, ಸ್ಟಾಪ್ ಇಟ್!” ಎಂದು ಕಿರುಚಿತು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತೇ ಇದ್ದಳು. ಅವನ ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡರು.

ಈಗ ಅವನನ್ನು ಹಿಡಿಯುವವರಿಲ್ಲ. ಭಾನುವಾರ ಫೋನು ಮಾಡಿದರೆ ‘ಹಲೋ’ ಅನ್ನುವ ರಭಸಕ್ಕೆ ನನ್ನ ಕಿವಿಯಲ್ಲಿ ಗಾಳಿ ಬೀಸುತ್ತದೆ. ಹಾಲು, ಹಣ್ಣು, ಹೂವು ಎಂದು ಬೇಕಿಲ್ಲದಿದ್ದರೂ ಅಂಗಡಿಯ ಪಟ್ಟಿ ಒಪ್ಪಿಸುತ್ತಾನೆ. ನಮ್ಮ ಕನ್ನಡ ಸಂಘದ ಪತ್ರಿಕೆ ಬಂದರೆ ಮೊದಲ ಪುಟದಿಂದ ಕಡೆಯ ಪುಟದವರೆಗೆ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳುತ್ತಾನಂತೆ, ಜಾಹೀರಾತು ಕೂಡ ಬಿಡುವುದಿಲ್ಲವಂತೆ. ಪ್ರತಿ ಭಾನುವಾರವೂ ನಾನು ಹೇಳಬೇಕೆಂದುಕೊಳ್ಳುತ್ತೇನೆ. ಅವನು ನಗಿಸುತ್ತಾನೆ, ನಾನು ನಗುತ್ತೇನೆ, ಫೋನ್ ಕಾರ್ಡು ಮುಗಿಯುತ್ತದೆ.

ಈ ಬರಹವೂ ಆ ಪತ್ರಿಕೆಗೇ ಹೋಗುತ್ತದೆ. ಅವನು ಓದುತ್ತಾನೆ, ಗಟ್ಟಿಯಾಗಿಯೇ ಓದುತ್ತಾನೆ. ಕಾಲುವೆ ಏರಿಯ ಹತ್ತಿರ ಬರುವಾಗ ದನಿ ನಿಧಾನವಾಗಿರುತ್ತದೆ. ಉಳಿದ ಮಾತು ಅವನೊಬ್ಬನಿಗೇ. ನೀವು ಕೇಳಿಸಿಕೊಂಡರೂ ಪರವಾಗಿಲ್ಲ.

ನೀನು ಅವತ್ತು ಏನನ್ನೂ ಅದಲುಬದಲು ಮಾಡಲಿಲ್ಲ ಕಣೋ. ನಾನು ಹೇಳಿಕೊಟ್ಟಿದ್ದನ್ನು ಒಂದಕ್ಷರವೂ ತಪ್ಪದೆ ಹೇಳಿದೆ, ಹೊನ್ನಯ್ಯ.