ತವರಿನ ಹುಚ್ಚೆಳ್ಳು ಮತ್ತು ನನ್ನ ಕೊಲೆಸ್ಟ್ರಾಲು

ಆಸೆಪಟ್ಟದ್ದು ಸಿಗದಿದ್ದರೆ ಮನುಷ್ಯ ಹಣೆಬರಹವನ್ನು ಬೈದು ಸುಮ್ಮನಾಗಬಹುದು. ತಾನೇ ಬೇಡವೆಂದು ತಳ್ಳಿದ್ದರ ಮೇಲೆ ಆಸೆ ಹುಟ್ಟಿದರೆ ಬೈಯಲು ಯಾರೂ ಸಿಗುವುದಿಲ್ಲ. ನನ್ನದೀಗ ಆ ಸ್ಥಿತಿ. ನನಗೆ ಬೇಕಾಗಿರುವುದು ಚಿನ್ನವಲ್ಲ, ರೇಷ್ಮೆ ಸೀರೆಯೂ ಅಲ್ಲ. ಕೊಳ್ಳೇಗಾಲದಲ್ಲಿದ್ದೂ ರೇಷ್ಮೆ ಸೀರೆಗೆ ಬಾಯಿಬಿಡದ ಹೆಂಗಸು ನಾನೊಬ್ಬಳೇ ಇರಬೇಕು. ನನಗೆ ಬೇಕಾಗಿರುವುದು ತವರೂರು ಲೊಕ್ಕನಹಳ್ಳಿಯ ಹುಚ್ಚೆಳ್ಳು ಪುಡಿ, ಅದೂ ಅತ್ತಿಗೆಯ ಕೈಯಿಂದಲೇ.

ನಮ್ಮ ಕಡೆ ರಾಗಿ ಹೊಲದ ಅಂಚಿಗೆ ಹುಚ್ಚೆಳ್ಳು ಬಿತ್ತುತ್ತಾರೆ. ದನಗಳು ಮೂಸಿ ಮುಂದೆ ಹೋಗುವ ಗಿಡ ಅದು. ಕಡಲೆಕಾಯಿ ಹಾಕಿದರೆ ಕಾಡುಹಂದಿಗಳು ನಮಗಿಂತ ಮೊದಲೇ ಕೊಯ್ಲು ಮುಗಿಸಿರುತ್ತವೆ, ಹುಚ್ಚೆಳ್ಳು ಮಾತ್ರ ಹೇಗೋ ಮನೆ ಸೇರುತ್ತದೆ. ಆ ಕರಿ ಕಾಳನ್ನು ಚಟಪಟ ಅನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿ ಒರಳಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟುಕೊಂಡು ಮಿರಿಮಿರಿ ಮಿಂಚುತ್ತದೆ. ಬಿಸಿ ಮುದ್ದೆಯ ಪಕ್ಕ ಅದೊಂದು ಚಿಟಿಕೆ ಇದ್ದರೆ ಸಾರು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಹೆಣ್ಣುಮಗಳಿಗೆ ಮಡಿಲು ತುಂಬುವಾಗ ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆ ಈ ಪುಡಿಯದೊಂದು ಡಬ್ಬವನ್ನೂ ಇಡುವುದು ನಮ್ಮ ಮನೆಯ ಪದ್ಧತಿ. ಅಮ್ಮ ಇರುವವರೆಗೆ ಅಮ್ಮ ಇಟ್ಟಳು, ಆಮೇಲೆ ಅತ್ತಿಗೆ ಇಟ್ಟಳು. ತವರು ಅಂದರೆ ನನಗೆ ಆ ಡಬ್ಬದ ಮುಚ್ಚಳ ತೆಗೆದಾಗ ಬರುವ ವಾಸನೆಯೇ.

ಹೀಗಿರುವಾಗ ರಕ್ತ ಪರೀಕ್ಷೆಯಾಯಿತು. "ಕೊಲೆಸ್ಟ್ರಾಲ್ ಜಾಸ್ತಿ ಇದೆ ಮೇಡಂ, ಕೊಬ್ಬು ಕಮ್ಮಿ ಮಾಡಿ" ಎಂದರು ಡಾಕ್ಟರು. ಯಾವ ಕೊಬ್ಬು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ಅಷ್ಟೂ ಗೊತ್ತಿಲ್ಲವೆಂದು ತೋರಿಸಿಕೊಳ್ಳುವುದು ಹೇಗೆ? ಕಡಲೆಬೀಜ, ಎಳ್ಳು, ಬಾದಾಮಿ, ಕೊಬ್ಬರಿ, ಹಿಂಡಿದರೆ ಎಣ್ಣೆ ಬರುವುದೆಲ್ಲ ಮನೆಯಿಂದಾಚೆ ಹೋಯಿತು. ಶಾಲೆ ಬಿಟ್ಟ ಮೇಲೆ ಬೇಕರಿಯಲ್ಲಿ ತಿನ್ನುತ್ತಿದ್ದ ಪಫ್ ಮಾತ್ರ ನಡೆದೇ ಇತ್ತು, ಅದರಲ್ಲಿ ಬೀಜ ಇರಲಿಲ್ಲವಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಹಬ್ಬಕ್ಕೆ ತವರಿಗೆ ಹೋದಾಗ ಪುಡಿ ಡಬ್ಬ ತಂದ ಅತ್ತಿಗೆಯನ್ನು ಎದುರಿಗೆ ಕೂರಿಸಿಕೊಂಡು, ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಹೃದಯ ಬರೆದೆ, ರಕ್ತನಾಳ ಬರೆದೆ, ಅದರೊಳಗೆ ಹುಚ್ಚೆಳ್ಳಿನ ಎಣ್ಣೆ ಹೆಪ್ಪುಗಟ್ಟಿ ಕೂತಿರುವುದನ್ನೂ ಬರೆದೆ. ಅತ್ತಿಗೆ ಬಿಟ್ಟ ಕಣ್ಣು ಬಿಟ್ಟಂತೆ ನೋಡಿ, "ಇಷ್ಟ್ ವರ್ಸ ನಿಂಗೆ ಇಸ ಕಟ್ ಕಳಿಸ್ತಿದ್ನಾ ನಾನು" ಎಂದು ಡಬ್ಬವನ್ನು ಒಳಗಿಟ್ಟಳು.

ಆಮೇಲೆ ಬೆಳಗ್ಗೆ ಓಟ್ಸ್ ಗಂಜಿ, ರಾತ್ರಿ ಸಪ್ಪೆ ಪಲ್ಯ. ನಾಲಿಗೆ ಹೇಗೋ ಒಗ್ಗಿತು, ಮನಸ್ಸು ಒಗ್ಗಲಿಲ್ಲ. ಪಕ್ಕದ ಮನೆಯಲ್ಲಿ ಏನಾದರೂ ಹುರಿದರೆ ಕಿಟಕಿಯ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದೆ. ಒಮ್ಮೆಲೇ ಅಮ್ಮನ ನೆನಪಾಗುತ್ತಿತ್ತು. ಮತ್ತೊಂದು ಪರೀಕ್ಷೆಯಲ್ಲೂ ಕೊಲೆಸ್ಟ್ರಾಲು ಇಳಿದಿರಲಿಲ್ಲ. ಏನೇನು ತಿನ್ನುತ್ತೀರಿ ಎಂದು ಡಾಕ್ಟರು ಕೇಳಿದರು, ಹೇಳಿದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಬೀಜಗಳ ಕೊಬ್ಬು ಬಹುಪಾಲು ಒಳ್ಳೇದೇ ಮೇಡಂ. ಎಣ್ಣೆಯಲ್ಲಿ ಕರಿಯದೆ, ಉಪ್ಪು ಸುರಿಯದೆ ದಿನಕ್ಕೊಂದು ಹಿಡಿ ತಿನ್ನಿ. ನಾನು ಬಿಡಿ ಅಂದದ್ದು ಆ ಪಫ್ಫನ್ನ." ನನಗೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು. ಆ ಭಾನುವಾರವೇ ಹನೂರಿನ ಬಸ್ಸು ಹತ್ತಿ, ಅಲ್ಲಿಂದ ಲೊಕ್ಕನಹಳ್ಳಿಗೆ ಹೋದೆ.

ಊಟಕ್ಕೆ ಕೂತಾಗ ಅಣ್ಣನ ಎಲೆಯಲ್ಲಿ ಮುದ್ದೆಯ ಪಕ್ಕ ಕಪ್ಪಗೆ ಪುಡಿ ಇತ್ತು. ನನ್ನ ಎಲೆಯಲ್ಲಿ ಬೇಯಿಸಿದ ಸೊಪ್ಪಿತ್ತು. ಡಾಕ್ಟರು ಹೇಳಿದ್ದನ್ನೆಲ್ಲ ವಿವರಿಸಿ, "ಒಂದು ಚಿಟಿಕೆ ಹಾಕು ಅತ್ತಿಗೆ" ಎಂದೆ.

"ನಾಲ್ಗೆ ಚಪಲಕ್ಕೆ ಸುಳ್ ಯೋಳ್ಬೇಡ ಕಣವ್ವ" ಎಂದಳು.

"ಕೊಡ್ಬೇಡ ಕಣಮ್ಮಿ, ಪೈಪು ಕಟ್ಕತದೆ" ಎಂದ ಅಣ್ಣ, ಬಾಯ್ತುಂಬ ಪುಡಿ ಇಟ್ಟುಕೊಂಡು.

ಡಾಕ್ಟರಿಗೇ ಫೋನು ಮಾಡಿ ಮಾತಾಡಿಸುತ್ತೇನೆಂದೆ. ಅತ್ತಿಗೆ ಸೌಟು ಕೆಳಗಿಟ್ಟು ನನ್ನ ಪಕ್ಕ ಕೂತಳು. "ಡಾಕ್ಟ್ರು ಒಂದಿನ ಒಂದ್ ಯೋಳ್ತಾರೆ, ಇನ್ನೊಂದಿನ ಇನ್ನೊಂದ್ ಯೋಳ್ತಾರೆ. ಅತ್ತೆ ಒಂಟೋದ್ರು. ಒಡುಟ್ಟಿದೋಳು ಅಂತ ನಿಮ್ಮಣ್ಣುಂಗೆ ನೀನೊಬ್ಳೆ ಉಳ್ಕಂಡಿರದು. ನನ್ ಕೈಯಾರ ಕೊಟ್ಟು ನಿಂಗೇನಾರ ಆದ್ರೆ ನಾನು ಮೊಕ ಎಲ್ಲಿಕ್ಲಿ?" ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಸೊಪ್ಪು ತಿಂದೆ.

ಹೊರಡುವಾಗ ಅರಿಸಿನ ಕುಂಕುಮ ಇಟ್ಟು ಮಡಿಲು ತುಂಬಿದಳು. ಅಕ್ಕಿ ಬಿತ್ತು, ಬೆಲ್ಲ ಬಿತ್ತು, ಎಲೆ ಅಡಿಕೆ ಬಿತ್ತು. ಕೊಬ್ಬರಿ ಬೀಳಬೇಕಾದ ಕಡೆ ಏನೋ ಚೌಕವಾದದ್ದು ಬಂದು ಕೂತಿತು. ನೋಡಿದರೆ ಓಟ್ಸ್ ಪ್ಯಾಕೆಟ್ಟು. ನನಗೋಸ್ಕರ ಅಣ್ಣನನ್ನು ಹನೂರಿಗೆ ಕಳಿಸಿ ತರಿಸಿಟ್ಟಿದ್ದಳಂತೆ. ಅದಕ್ಕೂ ಕುಂಕುಮ ಹಚ್ಚಿದ್ದಳು.

ಪುಡಿ ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತದೆ, ತಂದೂ ನೋಡಿದೆ, ಅದು ಬರೀ ಪುಡಿ. ಇಷ್ಟು ವರ್ಷ ಎಷ್ಟೋ ಮಕ್ಕಳಿಗೆ ಹೃದಯದ ಪಾಠ ಮಾಡಿದ್ದೇನೆ. ಪರೀಕ್ಷೆ ಮುಗಿದ ಮರುದಿನಕ್ಕೆ ಅದನ್ನು ನೆನಪಿಟ್ಟುಕೊಂಡವರಿಲ್ಲ. ಒಂದೇ ಸಲ ಕೇಳಿ ಜನ್ಮಕ್ಕಾಗುವಷ್ಟು ಕಲಿತವಳು ನನ್ನ ಅತ್ತಿಗೆ ಒಬ್ಬಳೇ, ಅವಳಿಗೆ ನಾನು ಕಲಿಸಿದ್ದು ತಪ್ಪು ಪಾಠ.