ತುಡುವೆ ಜೇನು ಮತ್ತು ನನ್ನ ಆನ್‌ಲೈನ್ ಪಾಠ

ಕಲಿಯುವುದು ಎಂದರೇನು ಎಂದು ಯಾರಾದರೂ ಕೇಳಿದರೆ, ಹೊಸನಗರದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದ ನಾನು ಈಗ ತಬ್ಬಿಬ್ಬಾಗುತ್ತೇನೆ. ನಿವೃತ್ತನಾದ ಮೇಲೆ ಫೋನಿನ ಮುಂದೆ ಕೈಕಟ್ಟಿ ಕುಳಿತು ಜೇನು ಸಾಕಣೆ ಕಲಿತವನು ನಾನು. 'ಮನೆಯಲ್ಲೇ ಕೂತು ಮೂವತ್ತು ದಿನಗಳಲ್ಲಿ ಪರಿಣತರಾಗಿ' ಎಂದು ಜಾಹೀರಾತು ಕರೆದಿತ್ತು. ಮೂವತ್ತು ದಿನಗಳಲ್ಲಿ ನಾನು ಒಬ್ಬನಿಗೂ ಭಿನ್ನರಾಶಿ ಕಲಿಸಿದ್ದಿಲ್ಲ ಎಂಬುದು ಆಗ ನೆನಪಾಗಲಿಲ್ಲ, ನೋಡಿ.

ಜೇನು ಕೊಟ್ಟವನು ಪಕ್ಕದೂರಿನ ರೈತ ಮಂಜಪ್ಪ. ನನ್ನದೇ ವಿದ್ಯಾರ್ಥಿ, ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಆದರೆ ಮರದ ಪೊಟರೆಯಿಂದ ಬರಿಗೈಯಲ್ಲಿ ತುಡುವೆ ಜೇನು ತೆಗೆದು ಪೆಟ್ಟಿಗೆಗೆ ಕೂರಿಸುತ್ತಾನೆ. "ಮೇಷ್ಟ್ರೇ, ತುಡುವೆಗೆ ಕಿರಿಕಿರಿ ಆಗ್ಬಾರ್ದು. ವಾರಕ್ಕೊಂದ್ಸಲ ಮುಚ್ಚಳ ತೆಗೆದ್ರೆ ಸಾಕು," ಎಂದಿದ್ದ. ತಲೆಯಾಡಿಸಿದೆ. ಆದರೆ ಕೋರ್ಸಿನವರದು ಬೇರೆಯೇ ಹಟ: ದಿನಾ ಪೆಟ್ಟಿಗೆಯ ಒಳಗಿನ ಫೋಟೋ ಕಳಿಸದಿದ್ದರೆ ಮುಂದಿನ ಪಾಠ ತೆರೆಯುವುದಿಲ್ಲ. ನಾನೋ ಶಿಸ್ತಿನ ವಿದ್ಯಾರ್ಥಿ. ಬೆಳಕು ಸಾಲದಿದ್ದರೆ ಎರಡೆರಡು ಸಲ ಮುಚ್ಚಳ ತೆಗೆದು ಫೋಟೋ ಹೊಡೆದೆ. ನೂರಕ್ಕೆ ನೂರು ಅಂಕ! "ಅವನ್ನ ಒಂದು ಗಳಿಗೆ ಬಾಗಿಲು ಹಾಕ್ಕೊಂಡು ಇರೋಕೂ ಬಿಡಲ್ವಲ್ರೀ," ಎಂದು ಹೆಂಡತಿ ಗೊಣಗಿದಳು.

ಕೊನೆಯ ದಿನ ಮುಚ್ಚಳ ತೆಗೆದರೆ ಒಂದೇ ಒಂದು ಹುಳುವಿಲ್ಲ. ಇಡೀ ಸಂಸಾರ ಗಂಟುಮೂಟೆ ಕಟ್ಟಿ ಹೊರಟುಹೋಗಿತ್ತು. ಆದರೂ ರೂಢಿಬಲದಿಂದ ಖಾಲಿ ಪೆಟ್ಟಿಗೆಯ ಫೋಟೋ ಕಳಿಸಿದೆ. 'ಅಭಿನಂದನೆಗಳು! ನೀವೀಗ ಪರಿಣತರು' ಎಂದು ಪ್ರಮಾಣಪತ್ರ ಬಂತು.

ಸುದ್ದಿ ಕೇಳಿ ಬಂದ ಮಂಜಪ್ಪ ಬೈಯುತ್ತಾನೆಂದುಕೊಂಡೆ. "ಅದೆಂಥ ಪಾಠ, ತೋರ್ಸಿ ಮಾರಾಯ್ರೇ," ಎಂದ. ಜೇನಿನ ಮರಿಹುಳು ಸಾಯುವ ರೋಗದ ಪಾಠ ಬಂದಾಗ ಕುಕ್ಕರುಗಾಲಿನಲ್ಲಿ ಕೂತು ಮೂರು ಸಲ ನೋಡಿದ.

"ಅಯ್ಯೋ, ಹೋದ್ವರ್ಷ ನಮ್ಮ ಆರು ಪೆಟ್ಟಿಗೆ ಹೋಗಿದ್ದು ಇದ್ರಿಂದ್ಲೇ! ಸೋತ ಪೆಟ್ಟಿಗೆಯಿಂದ ಮರಿ ಇರೋ ಮೇಣದ ಎರಿ ತೆಗ್ದು ಚೆನ್ನಾಗಿರೋ ಪೆಟ್ಟಿಗೇಲಿ ಇಡ್ತಿದ್ದೆ. ನಾನೇ ರೋಗ ಹಬ್ಬಿಸ್ದಂಗಾತಲ್ಲ," ಎಂದ. ಪೂರ್ತಿ ಅಂಕ ಪಡೆದ ನನಗೆ ಆ ಪಾಠದ ಒಂದಕ್ಷರವೂ ನೆನಪಿರಲಿಲ್ಲ.

ಈಗ ನನ್ನ ತಲೆ ಕಲಸುಮೇಲೋಗರ. ಆನ್‌ಲೈನ್ ಪಾಠ ಬರೀ ಬೊಗಳೆ ಎನ್ನೋಣವೆಂದರೆ ಮಂಜಪ್ಪನ ಉಳಿದ ಪೆಟ್ಟಿಗೆಗಳಿಗೆ ಅದೇ ದಾರಿ ತೋರಿಸಿದೆ. ಉಪಯೋಗವಿದೆ ಎನ್ನೋಣವೆಂದರೆ ನನ್ನ ಪೆಟ್ಟಿಗೆಯಲ್ಲಿ ಇರುವೆ ಓಡಾಡುತ್ತಿದೆ. ಕೋರ್ಸಿನವರು ಬೇರೆ, 'ಸ್ನೇಹಿತರಿಗೂ ಹೇಳುವಿರಾ?' ಎಂದು ದಿನಾ ಕೇಳುತ್ತಾರೆ. ಹೌದು, ಇಲ್ಲ, ಎರಡೇ ಗುಂಡಿ. ನಡುವೆ ನನ್ನ ಹೆಬ್ಬೆರಳು ನೇತಾಡುತ್ತಿದೆ.

"ಇನ್ನೊಂದು ಜೇನು ಕೊಡ್ತೀಯೇನೋ?" ಎಂದು ಮೆಲ್ಲಗೆ ಕೇಳಿದೆ.

"ಕೊಡ್ತೀನಿ ಮೇಷ್ಟ್ರೇ. ಪೆಟ್ಟಿಗೆ ನಿಮ್ಮನೇಲಿರ್ಲಿ, ಫೋನು ನಮ್ಮನೇಲಿರ್ಲಿ."

ಎರಡು ಸಲ ಡುಮ್ಕಿ ಹೊಡೆದವನ ಲೆಕ್ಕದಲ್ಲಿ ಈ ಸಲ ತಪ್ಪು ಹುಡುಕಿದೆ, ಸಿಗಲಿಲ್ಲ. ಫೋನು ಕೊಟ್ಟೆ.